ಪಾರ್ಶ್ವವಾಯುವಿಗೆ ಶೈತ್ಯ ಚಿಕಿತ್ಸೆ: ಭರವಸೆ ಎಷ್ಟು, ವಾಸ್ತವ ಎಷ್ಟು?

ಪಾರ್ಶ್ವವಾಯು ಎರಗಿದ ರೋಗಿಯ ದೇಹವನ್ನು ಮೂರ್ನಾಲ್ಕು ಡಿಗ್ರಿಗಳಷ್ಟು ತಂಪುಗೊಳಿಸಿದರೆ, ಸಾಯುತ್ತಿರುವ ಮಿದುಳಿನ ಒಂದು ಭಾಗವನ್ನಾದರೂ ಉಳಿಸಿಕೊಳ್ಳಬಹುದೇ? ವೈದ್ಯವಿಜ್ಞಾನ ಈ ಪ್ರಶ್ನೆಯ ಬೆನ್ನುಹತ್ತಿ ಆರು ದಶಕಗಳಿಗೂ ಹೆಚ್ಚು ಕಾಲ ಸಂದಿದೆ. ಪ್ರಯೋಗಾಲಯದ ಇಲಿಗಳಲ್ಲಿ ದೊರೆತ ಉತ್ತರ ಸ್ಪಷ್ಟವಾಗಿ ‘ಹೌದು’. ಆಸ್ಪತ್ರೆಯ ಹಾಸಿಗೆಯ ಮೇಲಿರುವ ಮನುಷ್ಯನಲ್ಲಿ ಮಾತ್ರ ಆ ಉತ್ತರ ಇದುವರೆಗೆ ದೊರೆತಿಲ್ಲ.

ಶೈತ್ಯ ಚಿಕಿತ್ಸೆ ಅಥವಾ ಹೈಪೋಥರ್ಮಿಯಾ ಚಿಕಿತ್ಸೆ ಎಂದು ಕರೆಯಲಾಗುವ ಈ ವಿಧಾನ, ಹೃದಯ ಸ್ತಂಭನಕ್ಕೆ ಒಳಗಾದವರಲ್ಲಿ ಮತ್ತು ಹೆರಿಗೆಯ ವೇಳೆ ಉಸಿರುಗಟ್ಟಿದ ನವಜಾತ ಶಿಶುಗಳಲ್ಲಿ ಬಳಕೆಗೆ ಬಂದು ವಿಶ್ವದ ಗಮನ ಸೆಳೆಯಿತು. ಪಾರ್ಶ್ವವಾಯುವಿಗೂ ಅದೇ ಮದ್ದಾದೀತು ಎಂಬ ನಿರೀಕ್ಷೆ ಸಹಜವಾಗಿತ್ತು. ಆ ನಿರೀಕ್ಷೆ ಎಲ್ಲಿಂದ ಹುಟ್ಟಿತು, ಎಲ್ಲಿ ಎಡವಿತು ಮತ್ತು ಅದರಿಂದ ರೋಗಿಗೆ ಇಂದು ದಕ್ಕಿರುವ ಪಾಠವೇನು ಎಂಬುದರ ವಿವರ ಇಲ್ಲಿದೆ.

ಮಿದುಳಿನಲ್ಲಿ ಆಗುವುದೇನು?

ಪಾರ್ಶ್ವವಾಯುವಿನಲ್ಲಿ ಮುಖ್ಯವಾಗಿ ಎರಡು ಬಗೆ. ಮಿದುಳಿನ ರಕ್ತನಾಳ ಒಡೆದು ರಕ್ತಸ್ರಾವವಾಗುವುದು ಒಂದು. ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಲುಕಿ, ಅದರ ಮುಂದಿನ ಭಾಗಕ್ಕೆ ರಕ್ತ ಪೂರೈಕೆ ನಿಲ್ಲುವುದು ಇನ್ನೊಂದು. ಎರಡನೆಯದನ್ನು ಇಸ್ಕೀಮಿಕ್ ಪಾರ್ಶ್ವವಾಯು ಎನ್ನಲಾಗುತ್ತದೆ. ಒಟ್ಟು ಪ್ರಕರಣಗಳಲ್ಲಿ ಹೆಚ್ಚಿನವು ಈ ಬಗೆಗೇ ಸೇರಿದವು. ಈ ಲೇಖನದ ವಸ್ತುವೂ ಇದೇ.

ಮಿದುಳಿನ ತೂಕ ದೇಹದ ತೂಕದ ಸುಮಾರು ಶೇ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ 20ರಷ್ಟು ಅದಕ್ಕೇ ಬೇಕು. ದಾಸ್ತಾನು ಇಟ್ಟುಕೊಳ್ಳುವ ಸಾಮರ್ಥ್ಯ ಅದಕ್ಕಿಲ್ಲ. ಸಾಮಾನ್ಯ ಸ್ಥಿತಿಯಲ್ಲಿ ಮಿದುಳಿನ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಇದು 20ರ ಆಸುಪಾಸಿಗೆ ಇಳಿದರೆ ನರಕೋಶಗಳು ಕೆಲಸ ನಿಲ್ಲಿಸುತ್ತವೆ. 10ಕ್ಕಿಂತ ಕೆಳಗಿಳಿದರೆ ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ.

ನಾಳ ಕಟ್ಟಿಕೊಂಡಾಗ ಈ ಎರಡೂ ಸ್ಥಿತಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ನಡುವಿನ ತಿರುಳು ಬೇಗನೆ ನಾಶವಾಗುತ್ತದೆ. ಅದರ ಸುತ್ತಲಿನ ಭಾಗ ಅಕ್ಕಪಕ್ಕದ ಸಣ್ಣ ನಾಳಗಳಿಂದ ಬರುವ ಅಲ್ಪ ರಕ್ತದಲ್ಲಿ ಉಸಿರು ಹಿಡಿದುಕೊಂಡಿರುತ್ತದೆ. ಅದು ಕೆಲಸ ಮಾಡುವುದಿಲ್ಲ, ಆದರೆ ಸತ್ತೂ ಇಲ್ಲ. ಈ ಅರೆಜೀವದ ವಲಯಕ್ಕೆ ತಜ್ಞರು ಪೆನಂಬ್ರಾ, ಅಂದರೆ ಅರೆನೆರಳು ಎಂಬ ಹೆಸರಿಟ್ಟಿದ್ದಾರೆ. ಗ್ರಹಣದ ವಿವರಣೆಯಲ್ಲಿ ಬಳಸುವ ಪದವೇ ಇದು. ಪಾರ್ಶ್ವವಾಯುವಿನ ಎಲ್ಲ ತುರ್ತು ಚಿಕಿತ್ಸೆಗಳ ಗುರಿಯೂ ಈ ಅರೆನೆರಳಿನ ವಲಯವನ್ನು ಉಳಿಸಿಕೊಳ್ಳುವುದೇ ಆಗಿದೆ.

ಹೊತ್ತು ಕಳೆದಂತೆ ತಿರುಳು ಹಿಗ್ಗುತ್ತದೆ, ಅರೆನೆರಳು ಕುಗ್ಗುತ್ತದೆ. ಅಮೆರಿಕದ ನರರೋಗ ತಜ್ಞ ಜೆಫ್ರಿ ಸೇವರ್ 2006ರಲ್ಲಿ ಪ್ರಕಟಿಸಿದ ಲೆಕ್ಕಾಚಾರ ಇಂದಿಗೂ ಉಲ್ಲೇಖವಾಗುತ್ತಿದೆ. ಅದರ ಪ್ರಕಾರ, ದೊಡ್ಡ ನಾಳ ಕಟ್ಟಿಕೊಂಡು ಚಿಕಿತ್ಸೆ ಸಿಗದಿದ್ದರೆ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆ.

ತಂಪು ಮಾಡುವ ಕೆಲಸ

ಬೇಸಿಗೆಯಲ್ಲಿ ಹೊರಗಿಟ್ಟ ಹಾಲು ಬೇಗ ಕೆಡುತ್ತದೆ, ತಂಪಿನಲ್ಲಿಟ್ಟದ್ದು ಬಾಳುತ್ತದೆ. ಜೀವಕೋಶಗಳ ರಾಸಾಯನಿಕ ಕ್ರಿಯೆಗಳಿಗೂ ಈ ನಿಯಮ ಅನ್ವಯವಾಗುತ್ತದೆ. ಉಷ್ಣತೆ 1 ಡಿಗ್ರಿ ಸೆಲ್ಸಿಯಸ್ ಇಳಿದರೆ ಮಿದುಳಿನ ಚಯಾಪಚಯ ಕ್ರಿಯೆಯ ವೇಗ ಸುಮಾರು ಶೇ 6ರಿಂದ 7ರಷ್ಟು ತಗ್ಗುತ್ತದೆ. ಬೇಡಿಕೆ ತಗ್ಗಿದಾಗ ಅಲ್ಪ ಪೂರೈಕೆಯಲ್ಲೇ ಕೋಶಗಳು ಹೆಚ್ಚು ಹೊತ್ತು ತಾಳಿಕೊಳ್ಳುತ್ತವೆ.

ಆದರೆ ತಂಪಿನ ಪ್ರಯೋಜನ ಇಷ್ಟಕ್ಕೇ ಮುಗಿಯುವುದಿಲ್ಲ. ಆಮ್ಲಜನಕ ನಿಂತ ಕೂಡಲೇ ನರಕೋಶಗಳಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಅತಿಯಾಗಿ ಹೊರಸೂಸುತ್ತದೆ. ಅದರ ಪ್ರಚೋದನೆಯಿಂದ ಕ್ಯಾಲ್ಸಿಯಂ ಕೋಶದೊಳಕ್ಕೆ ನುಗ್ಗುತ್ತದೆ. ಕೋಶವನ್ನು ಒಳಗಿನಿಂದಲೇ ಒಡೆಯುವ ಕಿಣ್ವಗಳು ಚುರುಕಾಗುತ್ತವೆ. ರಕ್ತ ಮರಳಿ ಹರಿದಾಗ ಹಾನಿಕಾರಕ ಮುಕ್ತ ಕಣಗಳು ಉತ್ಪತ್ತಿಯಾಗುತ್ತವೆ. ಮುಂದಿನ ಗಂಟೆಗಳಲ್ಲಿ ಉರಿಯೂತ, ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆಯ ಸೋರಿಕೆ, ಬಾವು ಕಾಣಿಸಿಕೊಳ್ಳುತ್ತವೆ. ತಂಪು ಈ ಸರಣಿಯ ಹೆಚ್ಚುಕಡಿಮೆ ಪ್ರತಿಯೊಂದು ಕೊಂಡಿಯನ್ನೂ ದುರ್ಬಲಗೊಳಿಸುತ್ತದೆ.

ಇದುವರೆಗೆ ಪ್ರಯತ್ನಿಸಲಾದ ಮಿದುಳು ರಕ್ಷಕ ಔಷಧಗಳು ಸಾಮಾನ್ಯವಾಗಿ ಯಾವುದೋ ಒಂದು ಕೊಂಡಿಯನ್ನು ಗುರಿಯಾಗಿಸಿಕೊಂಡಿದ್ದವು. ಅವು ದೊಡ್ಡ ಪ್ರಯೋಗಗಳಲ್ಲಿ ಒಂದರ ಹಿಂದೊಂದು ವಿಫಲವಾದವು. ಒಮ್ಮೆಗೇ ಹಲವು ಕೊಂಡಿಗಳ ಮೇಲೆ ಕೆಲಸ ಮಾಡುವ ತಂಪಿನ ಮೇಲೆ ಸಂಶೋಧಕರು ವಿಶೇಷ ನಂಬಿಕೆ ಇಟ್ಟದ್ದು ಈ ಕಾರಣಕ್ಕೆ.

ಹಳೆಯ ಪ್ರಯತ್ನ, ಹೊಸ ಹುಟ್ಟು

ಆಧುನಿಕ ವೈದ್ಯಕೀಯದಲ್ಲಿ ಇಡೀ ದೇಹವನ್ನು ತಂಪುಗೊಳಿಸುವ ಪ್ರಯತ್ನ 1938ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆರಂಭವಾಯಿತು. ನರಶಸ್ತ್ರವೈದ್ಯ ಟೆಂಪಲ್ ಫೇ ಕ್ಯಾನ್ಸರ್ ರೋಗಿಗಳ ಮೇಲೆ ಈ ವಿಧಾನವನ್ನು ಪರೀಕ್ಷಿಸಿದರು. ಗೆಡ್ಡೆಯ ಬೆಳವಣಿಗೆಯನ್ನು ತಡೆಯುವುದು, ನೋವು ತಗ್ಗಿಸುವುದು ಅವರ ಉದ್ದೇಶವಾಗಿತ್ತು. 1950ರಲ್ಲಿ ಕೆನಡಾದ ವಿಲ್ಫ್ರೆಡ್ ಬಿಗೆಲೋ, ದೇಹವನ್ನು ತಂಪುಗೊಳಿಸಿ ಹೃದಯದ ಶಸ್ತ್ರಕ್ರಿಯೆ ನಡೆಸಬಹುದೆಂದು ಪ್ರಾಣಿಗಳಲ್ಲಿ ತೋರಿಸಿದರು. 1952ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಜಾನ್ ಲೂಯಿಸ್ ಅವರ ತಂಡ ಅದೇ ತಂತ್ರದಿಂದ ಮನುಷ್ಯರಲ್ಲಿ ತೆರೆದ ಹೃದಯದ ಶಸ್ತ್ರಕ್ರಿಯೆಯನ್ನು ಯಶಸ್ವಿಯಾಗಿ ನಡೆಸಿತು.

ಅದೇ ದಶಕದಲ್ಲಿ ಹ್ಯೂಬರ್ಟ್ ರೊಸೊಮಾಫ್ ನಾಯಿಗಳ ಮಿದುಳಿನ ಪ್ರಮುಖ ಅಪಧಮನಿಯನ್ನು ಕಟ್ಟಿ, ತಂಪಿನಿಂದ ಹಾನಿ ಕಡಿಮೆಯಾಗುವುದನ್ನು ದಾಖಲಿಸಿದರು. ಪಾರ್ಶ್ವವಾಯು ಮತ್ತು ಶೈತ್ಯದ ನಂಟು ಸ್ಪಷ್ಟವಾದದ್ದು ಇಲ್ಲಿಂದ. ಆದರೆ ಆಗ ದೇಹವನ್ನು ಅತಿಯಾಗಿ, 30 ಡಿಗ್ರಿಯ ಆಸುಪಾಸಿಗೆ ಇಳಿಸಲಾಗುತ್ತಿತ್ತು. ಹೃದಯದ ಲಯ ತಪ್ಪುವುದು, ಸೋಂಕು ತಗಲುವುದು ಸಾಮಾನ್ಯವಾಗಿತ್ತು. ತೀವ್ರ ನಿಗಾ ಘಟಕಗಳ ವ್ಯವಸ್ಥೆಯೂ ಇಂದಿನಂತೆ ಇರಲಿಲ್ಲ. ಹೀಗಾಗಿ ಈ ವಿಧಾನ ಮೂಲೆಗುಂಪಾಯಿತು.

1987ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ರಾಲ್ ಬುಸ್ಟೊ, ಡಾಲ್ಟನ್ ಡೀಟ್ರಿಚ್, ಮೈರನ್ ಗಿನ್ಸ್‌ಬರ್ಗ್ ಮತ್ತು ಸಹೋದ್ಯೋಗಿಗಳು ಅದಕ್ಕೆ ಮರುಜೀವ ನೀಡಿದರು. ರಕ್ತ ನಿಂತ ಅವಧಿಯಲ್ಲಿ ಇಲಿಯ ಮಿದುಳಿನ ಉಷ್ಣತೆಯಲ್ಲಿ ಕೇವಲ ಎರಡು–ಮೂರು ಡಿಗ್ರಿ ವ್ಯತ್ಯಾಸವಾದರೂ ಹಾನಿಯ ಪ್ರಮಾಣ ಗಣನೀಯವಾಗಿ ಬದಲಾಗುತ್ತದೆ ಎಂದು ಅವರು ತೋರಿಸಿದರು. ಅತಿ ತಂಪು ಬೇಕಿಲ್ಲ, ಹಿತಮಿತವಾದ ತಂಪೇ ಸಾಕು ಎಂಬ ಈ ಅರಿವು ಹೊಸ ಸಂಶೋಧನೆಗಳ ಹೆಬ್ಬಾಗಿಲು ತೆರೆಯಿತು.

2007ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ವಿಶ್ಲೇಷಿಸಲಾಯಿತು. 101 ಪ್ರಕಟಣೆಗಳು, 3353 ಪ್ರಾಣಿಗಳು. ತಂಪಿನಿಂದ ಮಿದುಳಿನಲ್ಲಿ ಸತ್ತ ಭಾಗದ ಗಾತ್ರ ಸರಾಸರಿ ಶೇ 44ರಷ್ಟು ಕಡಿಮೆಯಾಗಿತ್ತು. 35 ಡಿಗ್ರಿಯಷ್ಟು ಸೌಮ್ಯವಾದ ತಂಪಿನಲ್ಲೂ ಶೇ 30ರಷ್ಟು ಇಳಿಕೆ ಕಂಡುಬಂದಿತ್ತು. ಆದರೆ ಅತ್ಯುತ್ತಮ ಫಲಿತಾಂಶ ಸಿಕ್ಕಿದ್ದು ರಕ್ತ ನಿಲ್ಲುವ ಮೊದಲು ಅಥವಾ ನಿಂತ ಕ್ಷಣದಲ್ಲೇ ತಂಪುಗೊಳಿಸಿದಾಗ ಎಂಬ ಅಂಶವೂ ಆ ವರದಿಯಲ್ಲಿತ್ತು.

ಹೃದಯ ಮತ್ತು ಹಸುಗೂಸು

2002ರಲ್ಲಿ ಒಂದೇ ಸಂಚಿಕೆಯಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಜಗತ್ತಿನ ಆಸ್ಪತ್ರೆಗಳಲ್ಲಿ ಸಂಚಲನ ಮೂಡಿಸಿದವು. ಹೃದಯ ನಿಂತು, ಮತ್ತೆ ಬಡಿಯತೊಡಗಿದರೂ ಪ್ರಜ್ಞೆ ಮರಳದ ರೋಗಿಗಳನ್ನು ಐರೋಪ್ಯ ವೈದ್ಯರು 32ರಿಂದ 34 ಡಿಗ್ರಿಯಲ್ಲಿ 24 ಗಂಟೆ ಇರಿಸಿದರು. ಅವರಲ್ಲಿ ಶೇ 55ರಷ್ಟು ಮಂದಿಯ ಮಿದುಳು ಉತ್ತಮ ಸ್ಥಿತಿಗೆ ಮರಳಿತು. ತಂಪುಗೊಳಿಸದವರಲ್ಲಿ ಈ ಪ್ರಮಾಣ ಶೇ 39 ಮಾತ್ರ. ಆಸ್ಟ್ರೇಲಿಯಾದ ಚಿಕ್ಕ ಅಧ್ಯಯನದಲ್ಲೂ ಶೇ 49 ಮತ್ತು ಶೇ 26ರ ಅಂತರವಿತ್ತು.

ನವಜಾತ ಶಿಶುಗಳ ವಿಚಾರದಲ್ಲೂ ಶುಭ ಸುದ್ದಿ ಬಂತು. ಹೆರಿಗೆಯ ವೇಳೆ ಆಮ್ಲಜನಕದ ಕೊರತೆಗೆ ಒಳಗಾದ ಶಿಶುವನ್ನು ಹುಟ್ಟಿದ 6 ಗಂಟೆಯೊಳಗೆ ತಂಪುಗೊಳಿಸಿ, 33.5 ಡಿಗ್ರಿಯಲ್ಲಿ 72 ಗಂಟೆ ಇರಿಸುವ ಚಿಕಿತ್ಸೆಯನ್ನು ಅಮೆರಿಕದಲ್ಲಿ ಪರೀಕ್ಷಿಸಲಾಯಿತು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸಾವು ಅಥವಾ ಅಂಗವೈಕಲ್ಯದ ಪ್ರಮಾಣ ಶೇ 62ರಿಂದ ಶೇ 44ಕ್ಕೆ ಇಳಿದಿತ್ತು. ಶ್ರೀಮಂತ ರಾಷ್ಟ್ರಗಳಲ್ಲಿ ಇದು ವಾಡಿಕೆಯ ಚಿಕಿತ್ಸೆಯಾಯಿತು.

ಆದರೆ ಎರಡೂ ಕಥೆಗಳಿಗೆ ಉತ್ತರಾರ್ಧವಿದೆ. ಹೃದಯ ಸ್ತಂಭನದ ರೋಗಿಗಳ ಮೇಲೆ 2013 ಮತ್ತು 2021ರಲ್ಲಿ ಪ್ರಕಟವಾದ ಹೆಚ್ಚು ದೊಡ್ಡ ಅಧ್ಯಯನಗಳಲ್ಲಿ 33 ಡಿಗ್ರಿಗೆ ಇಳಿಸುವುದರಿಂದ ವಿಶೇಷ ಲಾಭ ಕಾಣಲಿಲ್ಲ. ಎರಡನೆಯದರಲ್ಲಿ ಜ್ವರ ಬಾರದಂತೆ ನೋಡಿಕೊಂಡ ಗುಂಪೂ ತಂಪುಗೊಳಿಸಿದ ಗುಂಪಿನಷ್ಟೇ ಚೇತರಿಸಿಕೊಂಡಿತು. ಇನ್ನು ಶಿಶುಗಳ ಬಗ್ಗೆ ಭಾರತ, ಶ್ರೀಲಂಕಾ ಮತ್ತು ಬಾಂಗ್ಲಾದೇಶಗಳಲ್ಲಿ 408 ಮಕ್ಕಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ ಬೆಂಗಳೂರು ಕೂಡ ಪಾಲ್ಗೊಂಡಿತ್ತು. ತಂಪುಗೊಳಿಸಿದ ಶಿಶುಗಳಲ್ಲಿ ಸಾವಿನ ಪ್ರಮಾಣ ಶೇ 42, ಉಳಿದವರಲ್ಲಿ ಶೇ 31. ಒಂದೆಡೆ ಜೀವ ಉಳಿಸಿದ ವಿಧಾನ ಇನ್ನೊಂದೆಡೆ ಅದೇ ಫಲ ನೀಡಲಿಲ್ಲ. ಶೈತ್ಯ ಚಿಕಿತ್ಸೆಯನ್ನು ಎಲ್ಲ ಮಿದುಳು ಹಾನಿಗೂ ಏಕರೂಪದ ಮದ್ದೆಂದು ಭಾವಿಸಲಾಗದು ಎಂಬುದು ಇದರಿಂದ ವ್ಯಕ್ತವಾಯಿತು.

ತಂಪುಗೊಳಿಸುವ ಬಗೆ

ಶೈತ್ಯ ಚಿಕಿತ್ಸೆ ಎಂದರೆ ತಲೆಯ ಮೇಲೆ ಮಂಜುಗಡ್ಡೆ ಇಡುವುದಲ್ಲ. ತಲೆಬುರುಡೆ ಮತ್ತು ಬಿಡುವಿಲ್ಲದೆ ಹರಿಯುವ ಬೆಚ್ಚನೆಯ ರಕ್ತ ಹೊರಗಿನ ತಂಪು ಆಳಕ್ಕೆ ಇಳಿಯದಂತೆ ತಡೆಯುತ್ತವೆ. ಮಿದುಳನ್ನು ತಂಪುಗೊಳಿಸಬೇಕಾದರೆ ಅಲ್ಲಿಗೆ ಹರಿಯುವ ರಕ್ತವನ್ನೇ ತಂಪುಗೊಳಿಸಬೇಕು.

ಇದಕ್ಕೆ ಮೂರು ಮುಖ್ಯ ವಿಧಾನಗಳಿವೆ. ತಣ್ಣೀರು ಅಥವಾ ತಂಪುಗಾಳಿ ಹರಿಯುವ ಹೊದಿಕೆಗಳನ್ನು ಮತ್ತು ಅಂಟುವ ಪಟ್ಟಿಗಳನ್ನು ಮೈಗೆ ಸುತ್ತುವುದು ಒಂದು. ಸುಮಾರು 4 ಡಿಗ್ರಿಯ ಲವಣಜಲವನ್ನು ರಕ್ತನಾಳಕ್ಕೆ ಹರಿಸುವುದು ಎರಡನೆಯದು. ತೊಡೆಸಂದಿನ ದೊಡ್ಡ ಅಭಿಧಮನಿಯೊಳಗೆ ವಿಶೇಷ ಕ್ಯಾಥೆಟರ್ ತೂರಿಸಿ, ಅದರೊಳಗೆ ತಣ್ಣನೆಯ ದ್ರವವನ್ನು ಸುತ್ತಾಡಿಸಿ ಪಕ್ಕದಲ್ಲಿ ಹರಿಯುವ ರಕ್ತವನ್ನು ತಂಪುಗೊಳಿಸುವುದು ಮೂರನೆಯದು. ಈ ಕೊನೆಯ ವಿಧಾನದಲ್ಲಿ ಉಷ್ಣತೆಯ ಮೇಲೆ ಹೆಚ್ಚು ನಿಖರವಾದ ಹಿಡಿತ ಸಾಧ್ಯ.

ಗುರಿ ಸಾಮಾನ್ಯವಾಗಿ 33ರಿಂದ 35 ಡಿಗ್ರಿ. ನಿಗದಿತ ಅವಧಿಯ ಬಳಿಕ ರೋಗಿಯನ್ನು ಗಂಟೆಗೆ ಡಿಗ್ರಿಯ ಒಂದು ಸಣ್ಣ ಅಂಶದಂತೆ ಬಹಳ ನಿಧಾನವಾಗಿ ಮತ್ತೆ ಬೆಚ್ಚಗಾಗಿಸಲಾಗುತ್ತದೆ. ಅವಸರ ಮಾಡಿದರೆ ಮಿದುಳಿನ ಬಾವು ಮರುಕಳಿಸುತ್ತದೆ.

ದೇಹದ ಪ್ರತಿರೋಧ

ಮನುಷ್ಯನ ದೇಹ 37 ಡಿಗ್ರಿಯನ್ನು ಹಟದಿಂದ ಕಾಯ್ದುಕೊಳ್ಳುತ್ತದೆ. ಉಷ್ಣತೆ ಸ್ವಲ್ಪ ಇಳಿದರೂ ಚರ್ಮದ ರಕ್ತನಾಳಗಳು ಸಂಕುಚಿತಗೊಳ್ಳುತ್ತವೆ. 35.5 ಡಿಗ್ರಿಯ ಸುಮಾರಿಗೆ ನಡುಕ ಆರಂಭವಾಗುತ್ತದೆ. ನಡುಕವೆಂದರೆ ಸ್ನಾಯುಗಳು ಶಾಖ ಉತ್ಪಾದಿಸುವ ಕ್ರಿಯೆ. ಅದರಿಂದ ದೇಹದ ಆಮ್ಲಜನಕದ ಬೇಡಿಕೆ ಇಮ್ಮಡಿಯಾಗಬಹುದು. ಅಂದರೆ ತಂಪಿನಿಂದ ಉಳಿಸಲು ಹೊರಟಿದ್ದನ್ನು ನಡುಕವೇ ಕಸಿದುಕೊಳ್ಳುತ್ತದೆ.

ಹೃದಯ ಸ್ತಂಭನದ ರೋಗಿಯಲ್ಲಿ ಈ ಸಮಸ್ಯೆ ಅಷ್ಟಾಗಿ ಕಾಡದು. ಆತ ಪ್ರಜ್ಞಾಹೀನನಾಗಿ ಕೃತಕ ಉಸಿರಾಟದ ಯಂತ್ರದ ಆಸರೆಯಲ್ಲಿರುತ್ತಾನೆ. ನಡುಕವನ್ನು ಔಷಧದಿಂದ ಪೂರ್ಣವಾಗಿ ಅಡಗಿಸಬಹುದು. ಪಾರ್ಶ್ವವಾಯುವಿನ ರೋಗಿ ಹಾಗಲ್ಲ. ಆತ ಬಹುತೇಕ ಎಚ್ಚರವಾಗಿರುತ್ತಾನೆ. ಮಾತು, ಕೈಕಾಲುಗಳ ಚಲನೆಯನ್ನು ವೈದ್ಯರು ಆಗಾಗ ಪರೀಕ್ಷಿಸುತ್ತಿರಬೇಕಾಗುತ್ತದೆ. ಅದಕ್ಕಾಗಿ ಪೆಥಿಡಿನ್, ಬಸ್ಪಿರೋನ್‌ನಂತಹ ಔಷಧಗಳಿಂದ ನಡುಕವನ್ನು ತಗ್ಗಿಸಿ, ಚರ್ಮವನ್ನು ಬೆಚ್ಚಗಿಟ್ಟು, ಒಳಗಿನ ರಕ್ತವನ್ನು ಮಾತ್ರ ತಂಪುಗೊಳಿಸುವ ಉಪಾಯ ಕಂಡುಕೊಳ್ಳಲಾಯಿತು.

ಆದರೆ ಈ ಉಪಾಯಕ್ಕೂ ಬೆಲೆ ತೆರಬೇಕಾಯಿತು. ಪಾರ್ಶ್ವವಾಯುವಿನ ಹಲವು ರೋಗಿಗಳಲ್ಲಿ ನುಂಗುವ ಶಕ್ತಿ ಮೊದಲೇ ಕುಂದಿರುತ್ತದೆ. ಪೆಥಿಡಿನ್ ಮಂಪರು ತರಿಸಿ ಕೆಮ್ಮನ್ನೂ ಮಂದಗೊಳಿಸುತ್ತದೆ. ತಂಪು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಮೂರೂ ಸೇರಿದಾಗ ಎಂಜಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಬರುವುದು ಸುಲಭ. ಜತೆಗೆ ಹೃದಯ ಬಡಿತ ನಿಧಾನವಾಗುವುದು, ರಕ್ತದ ಪೊಟ್ಯಾಸಿಯಂ ಮಟ್ಟ ಏರುಪೇರಾಗುವುದು, ರಕ್ತ ಹೆಪ್ಪುಗಟ್ಟುವ ಕ್ರಿಯೆ ಕುಂಠಿತವಾಗುವುದು ಇತ್ಯಾದಿ ಅಡ್ಡಪರಿಣಾಮಗಳೂ ಇವೆ.

ಪ್ರಯೋಗಗಳು ಹೇಳಿದ್ದು

ಜರ್ಮನಿಯ ಹೈಡೆಲ್‌ಬರ್ಗ್‌ನ ವೈದ್ಯರು 1998ರಲ್ಲಿ, ಮಿದುಳಿನ ಪ್ರಮುಖ ಅಪಧಮನಿ ಕಟ್ಟಿಕೊಂಡು ತೀವ್ರ ಬಾವು ಬಂದಿದ್ದ 25 ರೋಗಿಗಳನ್ನು 33 ಡಿಗ್ರಿಗೆ ಇಳಿಸಿದ ಅನುಭವವನ್ನು ಪ್ರಕಟಿಸಿದರು. ತಂಪಿನ ಅವಧಿಯಲ್ಲಿ ತಲೆಬುರುಡೆಯೊಳಗಿನ ಒತ್ತಡ ತಗ್ಗಿತು. ಆದರೆ ಬೆಚ್ಚಗಾಗಿಸುವಾಗ ಅದು ಮತ್ತೆ ಏರಿ ಹಲವರ ಪ್ರಾಣ ತೆಗೆಯಿತು. ಒಟ್ಟು ಶೇ 44ರಷ್ಟು ರೋಗಿಗಳು ಮೃತಪಟ್ಟರು. ರೋಗದ ತೀವ್ರತೆಯ ದೃಷ್ಟಿಯಿಂದ ಈ ಪ್ರಮಾಣವನ್ನೇ ಆಶಾದಾಯಕವೆಂದು ಆಗ ಪರಿಗಣಿಸಲಾಯಿತು.

ಅಮೆರಿಕದಲ್ಲಿ ಹೆಪ್ಪು ಕರಗಿಸುವ ಔಷಧದೊಂದಿಗೆ ಕ್ಯಾಥೆಟರ್ ಶೈತ್ಯವನ್ನು ಜೋಡಿಸುವ ಪ್ರಯತ್ನ ನಡೆಯಿತು. 2010ರಲ್ಲಿ ಪ್ರಕಟವಾದ 58 ರೋಗಿಗಳ ಅಧ್ಯಯನದಲ್ಲಿ ತಂಪುಗೊಳಿಸಿದ ಗುಂಪಿನ 14 ಮಂದಿಗೆ, ಉಳಿದ ಗುಂಪಿನ 3 ಮಂದಿಗೆ ಮಾತ್ರ ನ್ಯುಮೋನಿಯಾ ಬಂದಿತ್ತು. ಮುಂದಿನ ಹಂತದಲ್ಲಿ ಸುಮಾರು 1600 ರೋಗಿಗಳನ್ನು ಸೇರಿಸಿಕೊಳ್ಳುವ ಯೋಜನೆಯಿತ್ತು. ಆದರೆ ನಾಳದೊಳಗಿನ ಹೆಪ್ಪನ್ನು ಸಾಧನದಿಂದ ಹೊರತೆಗೆಯುವ ಹೊಸ ಚಿಕಿತ್ಸೆ ಯಶಸ್ವಿಯಾದ ಹಿನ್ನೆಲೆಯಲ್ಲಿ 120 ರೋಗಿಗಳ ಬಳಿಕ ಅದನ್ನು ನಿಲ್ಲಿಸಲಾಯಿತು. 2016ರಲ್ಲಿ ಹೊರಬಂದ ಅದರ ಫಲಿತಾಂಶದಲ್ಲಿ ತಂಪಿನಿಂದ ಸ್ಪಷ್ಟ ಲಾಭ ಕಾಣಲಿಲ್ಲ.

ಯುರೋಪಿನ ಬಹುರಾಷ್ಟ್ರೀಯ ಪ್ರಯೋಗ ‘ಯೂರೋಹಿಪ್–1’ರ ಕಥೆ ಇನ್ನಷ್ಟು ನಿರಾಶಾದಾಯಕ. 1500 ರೋಗಿಗಳ ಗುರಿಯಿಟ್ಟುಕೊಂಡಿದ್ದ ಅದು 98 ಮಂದಿಗೇ ನಿಂತಿತು. ರೋಗಿಗಳ ಸೇರ್ಪಡೆ ನಿಧಾನವಾಗಿ, ಹಣಕಾಸಿನ ನೆರವೂ ಕೊನೆಗೊಂಡಿತು. 2019ರ ವರದಿಯ ಪ್ರಕಾರ, ತಂಪುಗೊಳಿಸಲು ಆಯ್ಕೆಯಾದ 49 ಮಂದಿಯಲ್ಲಿ 15 ಮಂದಿ ಮಾತ್ರ ನಿಗದಿತ ಉಷ್ಣತೆಯ ಗುರಿ ಮುಟ್ಟಿದ್ದರು. ಚೇತರಿಕೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಇರಲಿಲ್ಲ.

ಅದೇ ವರ್ಷ ಜರ್ಮನಿಯಿಂದ ಎಚ್ಚರಿಕೆಯ ಸಂದೇಶವೂ ಬಂತು. ತೀವ್ರ ಬಾವಿನಿಂದಾಗಿ ತಲೆಬುರುಡೆಯ ಭಾಗವನ್ನು ತೆಗೆಯುವ ಶಸ್ತ್ರಕ್ರಿಯೆಗೆ ಒಳಗಾದ 50 ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು ತಂಪುಗೊಳಿಸಲಾಗಿತ್ತು. ವರ್ಷದ ಕೊನೆಗೆ ತಂಪುಗೊಳಿಸಿದವರಲ್ಲಿ ಶೇ 80, ಉಳಿದವರಲ್ಲಿ ಶೇ 43 ಮಂದಿ ಗಂಭೀರ ತೊಂದರೆಗಳನ್ನು ಎದುರಿಸಿದ್ದರು. ಸುರಕ್ಷತೆಯ ಕಾರಣಕ್ಕೆ ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಲಾಗಿತ್ತು.

ಇಲಿಗೂ ಮನುಷ್ಯನಿಗೂ ಅಂತರ

ಪ್ರಾಣಿಗಳಲ್ಲಿ ಗೆದ್ದದ್ದು ಮನುಷ್ಯರಲ್ಲಿ ಸೋತದ್ದೇಕೆ? ಮೇಲಿನ ವಿವರಗಳಲ್ಲೇ ಇದಕ್ಕೆ ಉತ್ತರವಿದೆ. ಪ್ರಯೋಗಾಲಯದ ಇಲಿ ಸಾಮಾನ್ಯವಾಗಿ ಎಳೆಯ ಪ್ರಾಯದ, ಆರೋಗ್ಯವಂತ ಪ್ರಾಣಿ. ಅರಿವಳಿಕೆಯಲ್ಲಿರುವ ಕಾರಣ ಅದು ನಡುಗುವುದಿಲ್ಲ. ಗಾತ್ರ ಚಿಕ್ಕದಾದ್ದರಿಂದ ನಿಮಿಷಗಳಲ್ಲೇ ತಂಪಾಗುತ್ತದೆ. ಅದರ ರಕ್ತನಾಳ ಯಾವ ಕ್ಷಣ ಮುಚ್ಚಿತು ಎಂಬುದು ಸಂಶೋಧಕರಿಗೆ ಖಚಿತವಾಗಿ ತಿಳಿದಿರುತ್ತದೆ.

ಆಸ್ಪತ್ರೆಗೆ ಬರುವ ರೋಗಿ ಹೆಚ್ಚಾಗಿ ವಯಸ್ಸಾದವರು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗ ಜತೆಗಿರುತ್ತವೆ. ಮನೆಯಿಂದ ಆಸ್ಪತ್ರೆ ತಲುಪಿ, ಸ್ಕ್ಯಾನ್ ಮುಗಿದು, ಕ್ಯಾಥೆಟರ್ ಅಳವಡಿಸಿ, ಅರವತ್ತು–ಎಪ್ಪತ್ತು ಕಿಲೋ ತೂಕದ ದೇಹ 33 ಡಿಗ್ರಿಗೆ ಇಳಿಯುವ ಹೊತ್ತಿಗೆ ಹಲವು ಗಂಟೆಗಳು ಉರುಳಿರುತ್ತವೆ. ಅಷ್ಟರಲ್ಲಿ ಅರೆನೆರಳಿನ ವಲಯದ ಬಹುಭಾಗ ಕೈತಪ್ಪಿರಬಹುದು. ಇನ್ನು ಮುಚ್ಚಿದ ನಾಳ ಮುಚ್ಚಿಯೇ ಇದ್ದರೆ ತಂಪು ಕಾಲವನ್ನು ಕೊಂಚ ಹಿಗ್ಗಿಸಬಲ್ಲದೇ ಹೊರತು ರಕ್ತವನ್ನು ಮರಳಿ ತರಲಾರದು.

ಈ ಹಿನ್ನೆಲೆಯಲ್ಲಿ ಅಮೆರಿಕದ ಹೃದಯ ಮತ್ತು ಪಾರ್ಶ್ವವಾಯು ಸಂಘಟನೆಗಳು 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಇಸ್ಕೀಮಿಕ್ ಪಾರ್ಶ್ವವಾಯುವಿಗೆ ಶೈತ್ಯ ಚಿಕಿತ್ಸೆಯ ಪ್ರಯೋಜನ ಅನಿಶ್ಚಿತ ಎಂದೇ ದಾಖಲಿಸಿದವು. ವಾಡಿಕೆಯ ಚಿಕಿತ್ಸೆಯಾಗಿ ಅದು ಎಲ್ಲೂ ನೆಲೆಯೂರಿಲ್ಲ.

ಮಿದುಳಿಗಷ್ಟೇ ತಂಪು

ಹಾಗೆಂದು ಸಂಶೋಧನೆ ನಿಂತಿಲ್ಲ. 2015ರಲ್ಲಿ ಪ್ರಕಟವಾದ ಐದು ಪ್ರಯೋಗಗಳು ಪಾರ್ಶ್ವವಾಯು ಚಿಕಿತ್ಸೆಯ ದಿಕ್ಕನ್ನೇ ಬದಲಿಸಿದವು. ತೊಡೆಸಂದಿನ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಸಣ್ಣ ಕೊಳವೆಯನ್ನು ಮಿದುಳಿನವರೆಗೆ ಕೊಂಡೊಯ್ದು ಹೆಪ್ಪನ್ನು ಹಿಡಿದೆಳೆಯುವ ಈ ವಿಧಾನಕ್ಕೆ ಥ್ರಾಂಬೆಕ್ಟಮಿ ಎಂದು ಹೆಸರು. ಈಗ ಮುಚ್ಚಿದ ನಾಳ ತೆರೆಯುವ ಕ್ಷಣ ವೈದ್ಯರಿಗೆ ತಿಳಿದಿರುತ್ತದೆ. ಕೊಳವೆ ಹಾನಿಯ ಜಾಗದಲ್ಲೇ ಇರುತ್ತದೆ. ಅದೇ ಕೊಳವೆಯ ಮೂಲಕ ತಣ್ಣನೆಯ ಲವಣಜಲ ಹರಿಸಿದರೆ ಹೇಗೆ?

ಬೀಜಿಂಗ್‌ನ ಷ್ವಾನ್‌ವು ಆಸ್ಪತ್ರೆಯ ವೈದ್ಯರು ಇದನ್ನು ಪ್ರಯತ್ನಿಸಿ 2016ರಲ್ಲಿ 26 ರೋಗಿಗಳ ವಿವರ ಪ್ರಕಟಿಸಿದರು. 4 ಡಿಗ್ರಿಯ 350 ಮಿಲಿಲೀಟರ್ ಲವಣಜಲವನ್ನು ನಾಳ ತೆರೆಯುವ ಮೊದಲು ಮತ್ತು ನಂತರ ನೇರವಾಗಿ ಹಾನಿಗೊಳಗಾದ ಭಾಗಕ್ಕೆ ಹರಿಸಲಾಯಿತು. ಆ ಭಾಗದ ಉಷ್ಣತೆ ಕನಿಷ್ಠ 2 ಡಿಗ್ರಿ ತಗ್ಗಿದರೆ, ಇಡೀ ದೇಹದ ಉಷ್ಣತೆ ಡಿಗ್ರಿಯ ಹತ್ತನೇ ಒಂದರಷ್ಟು ಮಾತ್ರ ಇಳಿಯಿತು. ಹೀಗಾದಾಗ ದೇಹದ ಪ್ರತಿರೋಧವನ್ನು ಕೆರಳಿಸದೆ ಮಿದುಳನ್ನಷ್ಟೇ ತಂಪುಗೊಳಿಸಬಹುದು. 2018ರಲ್ಲಿ 113 ರೋಗಿಗಳ ವಿಶ್ಲೇಷಣೆಯಲ್ಲಿ ಸತ್ತ ಭಾಗದ ಗಾತ್ರ ಕಿರಿದಾದದ್ದು ಕಂಡುಬಂತು. ಆದರೆ ತಂಪಿನ ಅವಧಿ ಬಹಳ ಅಲ್ಪ. ರೋಗಿ ಎದ್ದು ನಡೆಯುವಷ್ಟು ಲಾಭ ಇದರಿಂದ ದಕ್ಕುವುದೇ ಎಂಬುದನ್ನು ದೊಡ್ಡ, ಸಮತೋಲಿತ ಪ್ರಯೋಗಗಳೇ ನಿರ್ಧರಿಸಬೇಕು.

ಜ್ವರವೆಂಬ ಗುಪ್ತ ಶತ್ರು

ತಂಪಿನ ಲಾಭ ಅನಿಶ್ಚಿತವಾದರೂ ಬಿಸಿಗೂ ಹಾನಿಗೂ ನಂಟಿದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ 390 ರೋಗಿಗಳನ್ನು ಗಮನಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಆಸ್ಪತ್ರೆಗೆ ಸೇರುವಾಗ ದೇಹದ ಉಷ್ಣತೆ 1 ಡಿಗ್ರಿ ಹೆಚ್ಚಿದ್ದರೆ ಕೆಟ್ಟ ಪರಿಣಾಮದ ಸಂಭವ ಸುಮಾರು ಎರಡು ಪಟ್ಟಿಗೂ ಅಧಿಕವಾಗಿತ್ತು.

ಆದರೆ ಔಷಧದಿಂದ ಎಲ್ಲರ ಉಷ್ಣತೆಯನ್ನೂ ಇಳಿಸುವುದು ಇದಕ್ಕೆ ಪರಿಹಾರವಾಗಲಿಲ್ಲ. ನೆದರ್ಲೆಂಡ್ಸ್‌ನಲ್ಲಿ 1400 ರೋಗಿಗಳ ಮೇಲೆ ಪ್ಯಾರಾಸಿಟಮಾಲ್ ಕುರಿತು ನಡೆಸಿದ, 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಟ್ಟಾರೆ ಲಾಭ ಸಾಬೀತಾಗಲಿಲ್ಲ. ಯಂತ್ರದ ನೆರವಿನಿಂದ ಜ್ವರವನ್ನು ಮೊದಲೇ ತಡೆದ, 2024ರಲ್ಲಿ ಪ್ರಕಟವಾದ 677 ರೋಗಿಗಳ ಅಧ್ಯಯನದಲ್ಲೂ ಜ್ವರ ಕಡಿಮೆಯಾಯಿತೇ ವಿನಾ ಅಂತಿಮ ಚೇತರಿಕೆ ಸುಧಾರಿಸಲಿಲ್ಲ.

ಸರಳ ಶುಶ್ರೂಷೆಯೇ ಫಲ ನೀಡಿದ ನಿದರ್ಶನ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನದು. ಅಲ್ಲಿನ 19 ಪಾರ್ಶ್ವವಾಯು ಘಟಕಗಳಲ್ಲಿ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಜ್ವರ, ರಕ್ತದ ಸಕ್ಕರೆ ಮತ್ತು ನುಂಗುವ ತೊಂದರೆ ಈ ಮೂರನ್ನೂ ದಾದಿಯರು ನಿಯಮಬದ್ಧವಾಗಿ ನಿಭಾಯಿಸಿದ ಘಟಕಗಳಲ್ಲಿ 90 ದಿನಗಳ ಬಳಿಕ ಸಾವು ಅಥವಾ ಪರಾವಲಂಬನೆಯ ಪ್ರಮಾಣ ಶೇ 42. ಉಳಿದ ಘಟಕಗಳಲ್ಲಿ ಅದು ಶೇ 58 ಇತ್ತು. ಬೆಲೆಬಾಳುವ ಯಂತ್ರಗಳು ಕೊಡದ ಫಲವನ್ನು ಥರ್ಮಾಮೀಟರ್, ಸಕ್ಕರೆ ಪರೀಕ್ಷೆ ಮತ್ತು ದಾದಿಯರ ನಿಗಾ ನೀಡಿದವು.

ಮನೆಯವರು ತಿಳಿದಿರಬೇಕಾದದ್ದು

ಪಾರ್ಶ್ವವಾಯುವಿಗೆ ಲಕ್ವ ಎಂಬ ಹೆಸರೂ ರಾಜ್ಯದಲ್ಲಿ ಬಳಕೆಯಲ್ಲಿದೆ. ಲಕ್ವ ಹೊಡೆದವರಿಗೆ ಎಣ್ಣೆ ತಿಕ್ಕುವುದು, ನಾಟಿ ಔಷಧ ಕುಡಿಸುವುದು, ತಲೆಗೆ ತಣ್ಣೀರು ಸುರಿಯುವುದು ಮುಂತಾದ ಪ್ರಯತ್ನಗಳಲ್ಲಿ ಅಮೂಲ್ಯ ಸಮಯ ವ್ಯರ್ಥವಾಗುವುದುಂಟು. ಶೈತ್ಯ ಚಿಕಿತ್ಸೆಯ ಸುದ್ದಿ ಓದಿ ಮನೆಯಲ್ಲೇ ಮಂಜುಗಡ್ಡೆ ಇಡುವುದೂ ಅಷ್ಟೇ ಅಪಾಯಕಾರಿ. ಅದರಿಂದ ಮಿದುಳು ತಂಪಾಗದು, ರೋಗಿ ನಡುಗತೊಡಗುತ್ತಾನೆ. ನುಂಗುವ ಶಕ್ತಿ ಪರೀಕ್ಷೆಯಾಗುವವರೆಗೆ ನೀರು, ಆಹಾರ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಬಾರದು. ರಕ್ತಸ್ರಾವವೋ ಹೆಪ್ಪೋ ಎಂಬುದು ಸ್ಕ್ಯಾನ್‌ನಿಂದ ಮಾತ್ರ ತಿಳಿಯುವುದರಿಂದ ಆಸ್ಪಿರಿನ್ ನೀಡುವುದೂ ಸಲ್ಲದು.

ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಕುಂದುವುದು, ಮಾತು ತೊದಲುವುದು, ಹಠಾತ್ತಾಗಿ ದೃಷ್ಟಿ ಮಂಜಾಗುವುದು ಅಥವಾ ಸಮತೋಲನ ತಪ್ಪುವುದು ಪಾರ್ಶ್ವವಾಯುವಿನ ಮುಖ್ಯ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ರೋಗಿ ಕೊನೆಯ ಬಾರಿಗೆ ಸರಿಯಾಗಿದ್ದ ಸಮಯವನ್ನು ವೈದ್ಯರಿಗೆ ತಿಳಿಸಬೇಕು. ಸಿ.ಟಿ. ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೇ ನೇರವಾಗಿ ಕರೆದೊಯ್ಯುವುದು ಒಳಿತು.

ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ದೊಡ್ಡ ನಾಳ ಮುಚ್ಚಿದ್ದರೆ, ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಹೆಪ್ಪನ್ನು ಹೊರತೆಗೆಯಬಹುದೆಂದು 2018ರ ವೇಳೆಗೆ ಸಾಬೀತಾಗಿದೆ. ಆದರೆ 24 ಗಂಟೆ ಎಂಬುದು ಕಾಯಲು ಇರುವ ರಿಯಾಯಿತಿಯಲ್ಲ. ಬೇಗ ಬಂದವರಿಗೇ ಹೆಚ್ಚು ಲಾಭ.

ಮಿದುಳನ್ನು ತಂಪಾಗಿರಿಸಿ ಕಾಲವನ್ನು ತಡೆಹಿಡಿಯುವ ಕನಸು ಮುಂದೊಂದು ದಿನ ನನಸಾಗಬಹುದು. ಅಲ್ಲಿಯವರೆಗೆ ಕಾಲವನ್ನು ಉಳಿಸುವ ಖಚಿತ ಮಾರ್ಗ ಒಂದೇ: ಲಕ್ಷಣವನ್ನು ಗುರುತಿಸಿ, ತಡಮಾಡದೆ ಸೂಕ್ತ ಆಸ್ಪತ್ರೆ ತಲುಪುವುದು.